ಬೆಂಗಳೂರು ಪ್ರವಾಸ: ಪಶ್ಚಿಮ ಬಡಾವಣೆಗಳಲ್ಲಿ ತಂಗಿ, ನಿಯಮ ಬಿಡದೆ, ಕಡಿಮೆ ಖರ್ಚಿನಲ್ಲಿ ಊರು ನೋಡುವ ಬಗೆ

ಬೆಂಗಳೂರಿಗೆ ಬಂದು ಹೋದ ಕುಟುಂಬಗಳು ಊರಿಗೆ ಮರಳಿ ಲೆಕ್ಕ ಹಾಕಿದಾಗ ಸಾಮಾನ್ಯವಾಗಿ ಒಂದೇ ಮಾತು ಬರುತ್ತದೆ: ನೋಡಿದ್ದು ಕಡಿಮೆ, ಖರ್ಚಾದದ್ದು ಹೆಚ್ಚು. ಇದು ನಿಜವೂ ಹೌದು. ವಿಧಾನಸೌಧವನ್ನು ಹೊರಗಿನಿಂದ ನೋಡಲು ಹಣ ಬೇಡ, ಕಬ್ಬನ್ ಉದ್ಯಾನದಲ್ಲಿ ಅಡ್ಡಾಡಲು ಹಣ ಬೇಡ, ಜಿನಮಂದಿರದ ದರ್ಶನಕ್ಕಂತೂ ಬೇಡವೇ ಬೇಡ. ಹಣ ಸೋರುವುದು ಬೇರೆ ನಾಲ್ಕು ಕಡೆ: ದೂರದಲ್ಲಿ ಹಿಡಿದ ಲಾಡ್ಜ್, ಹೊತ್ತಲ್ಲದ ಹೊತ್ತಿನಲ್ಲಿ ಹಿಡಿದ ಆಟೊ, ಹಸಿವಾದ ಮೇಲೆ ಹುಡುಕಿದ ಹೋಟೆಲ್, ಗಂಟೆಗೊಂದು ಕೊಂಡ ನೀರಿನ ಬಾಟಲಿ.

ಜೈನ ಕುಟುಂಬಗಳಿಗೆ ಇದರ ಜೊತೆಗೆ ಇನ್ನೊಂದು ಚಿಂತೆ ಇರುತ್ತದೆ. ಸೂರ್ಯಾಸ್ತದೊಳಗೆ ಊಟ, ಕಂದಮೂಲ ಇಲ್ಲದ ಅಡುಗೆ, ಸೋಸಿದ ನೀರು. ಇವನ್ನೆಲ್ಲ ಬೆಂಗಳೂರಿನಲ್ಲಿ ಪಾಲಿಸಲು ಹೋದರೆ ಖರ್ಚು ಎರಡರಷ್ಟಾಗುತ್ತದೆ ಎಂಬ ಭಾವನೆ ಹಲವರಲ್ಲಿದೆ. ಈ ಕಾರಣಕ್ಕೇ ಮನೆಯ ಹಿರಿಯರನ್ನು ಊರಲ್ಲಿ ಬಿಟ್ಟು ಬರುವವರಿದ್ದಾರೆ. ಬಂದ ಮೇಲೆ ರಾತ್ರಿ ಒಂಬತ್ತಕ್ಕೆ ಸಿಕ್ಕಿದ್ದನ್ನು ತಿಂದು, ವರ್ಷಗಳಿಂದ ನಡೆಸಿಕೊಂಡು ಬಂದ ನಿಯಮ ತಪ್ಪಿತಲ್ಲ ಎಂದು ಕೊರಗುವವರೂ ಇದ್ದಾರೆ. ಲೆಕ್ಕ ಹಾಕಿ ನೋಡಿದರೆ ವಿಷಯ ತಿರುಗಾಮುರುಗಾ ಆಗಿದೆ. ನಿಯಮದ ಹೊತ್ತಿಗೆ ಸರಿಯಾಗಿ ದಿನವನ್ನು ಜೋಡಿಸಿಕೊಂಡ ಕುಟುಂಬಕ್ಕೇ ಬೆಂಗಳೂರಿನಲ್ಲಿ ಖರ್ಚು ಕಡಿಮೆ. ಅದು ಹೇಗೆ ಎಂಬುದನ್ನು ರಾಜಾಜಿನಗರ, ವಿಜಯನಗರ, ಬಸವೇಶ್ವರನಗರ, ಕೆಂಗೇರಿ ಭಾಗವನ್ನು ಮುಂದಿಟ್ಟುಕೊಂಡು ಇಲ್ಲಿ ವಿವರಿಸಲಾಗಿದೆ. ದರಗಳು 2025ರ ಪರಿಷ್ಕರಣೆಯ ಪ್ರಕಾರ ಇವೆ. ಹೊರಡುವ ಮುನ್ನ ಒಮ್ಮೆ ವಿಚಾರಿಸಿಕೊಳ್ಳುವುದು ಒಳ್ಳೆಯದು.

ಪಶ್ಚಿಮ ಬಡಾವಣೆಗಳೇ ಏಕೆ

ರಾಜ್ಯದ ಹೆಚ್ಚಿನ ಜಿಲ್ಲೆಗಳಿಂದ ಬೆಂಗಳೂರಿಗೆ ಬರುವ ದಾರಿಗಳು ನಗರದ ಪಶ್ಚಿಮ ಮತ್ತು ವಾಯವ್ಯ ಭಾಗದಿಂದಲೇ ಒಳಗೆ ಬರುತ್ತವೆ. ಬೆಳಗಾವಿ, ಹುಬ್ಬಳ್ಳಿ, ದಾವಣಗೆರೆ, ಚಿತ್ರದುರ್ಗದ ಬಸ್ಸುಗಳು ತುಮಕೂರು ರಸ್ತೆಯಲ್ಲಿ ಬರುತ್ತವೆ. ಹಾಸನ, ಧರ್ಮಸ್ಥಳ, ಮೂಡುಬಿದಿರೆ, ಕಾರ್ಕಳ ಕಡೆಯವು ಕುಣಿಗಲ್ ದಾಟಿ ನೆಲಮಂಗಲದಲ್ಲಿ ಅದೇ ರಸ್ತೆಗೆ ಸೇರುತ್ತವೆ. ಮೈಸೂರು, ಮಂಡ್ಯ, ಕೊಡಗಿನವು ಕೆಂಗೇರಿಯ ಮೂಲಕ ಬರುತ್ತವೆ. ಹೀಗಿರುವಾಗ ಮೆಜೆಸ್ಟಿಕ್‌ವರೆಗೆ ಹೋಗಿ, ಅಲ್ಲಿಂದ ಮತ್ತೆ ಹಿಂದಕ್ಕೆ ಬರುವ ಅಗತ್ಯ ಇಲ್ಲ.

ತುಮಕೂರು ರಸ್ತೆಯಲ್ಲಿ ಬರುವವರು ಗೊರಗುಂಟೆಪಾಳ್ಯ ಅಥವಾ ಯಶವಂತಪುರದಲ್ಲಿ ಇಳಿದು ಮೆಟ್ರೊ ಹಸಿರು ಮಾರ್ಗ ಹಿಡಿಯಬಹುದು. ಈ ಮಾರ್ಗ 2024ರ ನವೆಂಬರ್‌ನಿಂದ ತುಮಕೂರು ರಸ್ತೆಯ ಮಾದಾವರದವರೆಗೆ ಚಾಚಿದೆ. ಯಶವಂತಪುರದಿಂದ ಮುಂದೆ ಮಹಾಲಕ್ಷ್ಮಿ, ರಾಜಾಜಿನಗರ, ಮಹಾಕವಿ ಕುವೆಂಪು ರಸ್ತೆ, ಶ್ರೀರಾಂಪುರ ನಿಲ್ದಾಣಗಳು ಸಿಗುತ್ತವೆ. ರೈಲಿನಲ್ಲಿ ಬೆಳಗಾವಿ ಕಡೆಯಿಂದ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್‌ಗೆ, ಮಂಗಳೂರು ಕಡೆಯಿಂದ ಗೋಮಟೇಶ್ವರ ಎಕ್ಸ್‌ಪ್ರೆಸ್‌ಗೆ ಬರುವವರೂ ಯಶವಂತಪುರದಲ್ಲೇ ಇಳಿಯಬಹುದು. ರೈಲು ನಿಲ್ದಾಣದ ತುಮಕೂರು ರಸ್ತೆ ಕಡೆಯ ದ್ವಾರದಿಂದ ಹೊರಬಂದರೆ ಮೆಟ್ರೊ ಹತ್ತಿರ.

ಮೈಸೂರು ಕಡೆಯಿಂದ ಬರುವವರಿಗೆ ನೇರಳೆ ಮಾರ್ಗ ಅನುಕೂಲ. 2021ರ ಆಗಸ್ಟ್ ಕೊನೆಯಲ್ಲಿ ಕೆಂಗೇರಿಗೆ ಬಂದ ಈ ಮಾರ್ಗ 2023ರ ಅಕ್ಟೋಬರ್‌ನಲ್ಲಿ ಚಲ್ಲಘಟ್ಟದವರೆಗೆ ಮುಂದುವರಿಯಿತು. ಕೆಂಗೇರಿ ಬಸ್ ಟರ್ಮಿನಲ್, ಜ್ಞಾನಭಾರತಿ, ಮೈಸೂರು ರಸ್ತೆ, ದೀಪಾಂಜಲಿನಗರ, ಅತ್ತಿಗುಪ್ಪೆ, ವಿಜಯನಗರ, ಹೊಸಹಳ್ಳಿ, ಮಾಗಡಿ ರಸ್ತೆ ಇವೆಲ್ಲ ಇದೇ ಮಾರ್ಗದಲ್ಲಿವೆ. ಹಸಿರು ಮತ್ತು ನೇರಳೆ ಮಾರ್ಗಗಳು ಮೆಜೆಸ್ಟಿಕ್‌ನಲ್ಲಿ ಸೇರುತ್ತವೆ. ಅಲ್ಲಿ ಹೊರಗೆ ಬರದೆ, ಬೇರೆ ಟಿಕೆಟ್ ಕೊಳ್ಳದೆ ಮಾರ್ಗ ಬದಲಿಸಬಹುದು.

ಬಸವೇಶ್ವರನಗರಕ್ಕೆ ಮಾತ್ರ ತನ್ನದೇ ಮೆಟ್ರೊ ನಿಲ್ದಾಣ ಇಲ್ಲ. ಅಲ್ಲಿ ತಂಗುವವರು ಒಂದು ಕಡೆ ರಾಜಾಜಿನಗರ, ಇನ್ನೊಂದು ಕಡೆ ಹೊಸಹಳ್ಳಿ ಅಥವಾ ವಿಜಯನಗರ ನಿಲ್ದಾಣಕ್ಕೆ ಬಸ್ಸಿನಲ್ಲೋ ಆಟೊದಲ್ಲೋ ಹೋಗಬೇಕು. ಹಿರಿಯರು ಜೊತೆಗಿದ್ದರೆ ರೂಮು ಗೊತ್ತು ಮಾಡುವಾಗಲೇ ಇದನ್ನು ಗಮನಿಸಬೇಕು.

ಬರುವ ದಿನ, ಇಳಿಯುವ ಹೊತ್ತು

ಹಬ್ಬದ ಮುನ್ನ ಮತ್ತು ಶುಕ್ರವಾರ ಸಂಜೆ ಬೆಂಗಳೂರು ಬಿಡುವವರ ನೂಕುನುಗ್ಗಲು. ಆಗ ಖಾಸಗಿ ಬಸ್ಸುಗಳ ದರ ಏರುವುದು ಬೆಂಗಳೂರಿನಿಂದ ಹೊರಗೆ ಹೋಗುವ ದಿಕ್ಕಿನಲ್ಲಿ. ಅದೇ ದಿನ ಊರಿನಿಂದ ಬೆಂಗಳೂರಿಗೆ ಬರುವ ಬಸ್ಸುಗಳಲ್ಲಿ ಜಾಗ ಇರುತ್ತದೆ. ಭಾನುವಾರ ರಾತ್ರಿ ಇದು ತಿರುಗುತ್ತದೆ. ಆದ್ದರಿಂದ ಶುಕ್ರವಾರ ರಾತ್ರಿ ಊರಿನಿಂದ ಹೊರಟು ಭಾನುವಾರ ಸಂಜೆ ಬೆಂಗಳೂರು ಬಿಡುವ ಕುಟುಂಬಕ್ಕೆ ಎರಡೂ ಸಲ ಜನರ ಎದುರು ದಿಕ್ಕಿನ ಪ್ರಯಾಣ ಸಿಗುತ್ತದೆ. ಗಣರಾಜ್ಯೋತ್ಸವ ಮತ್ತು ಸ್ವಾತಂತ್ರ್ಯ ದಿನದ ವೇಳೆ ಲಾಲ್‌ಬಾಗ್ ಫಲಪುಷ್ಪ ಪ್ರದರ್ಶನ ಇರುತ್ತದೆ. ಹೂವು ನೋಡುವ ಉದ್ದೇಶ ಇಲ್ಲದಿದ್ದರೆ ಆ ವಾರ ತಪ್ಪಿಸುವುದು ಮೇಲು.

ರಾಜ್ಯದ ಶಕ್ತಿ ಯೋಜನೆ 2023ರ ಜೂನ್ 11ರಿಂದ ಜಾರಿಯಲ್ಲಿದೆ. ಕರ್ನಾಟಕದ ವಿಳಾಸವಿರುವ ಗುರುತಿನ ಚೀಟಿ ತೋರಿಸಿದರೆ ಸಾಮಾನ್ಯ ಮತ್ತು ವೇಗದೂತ ಸರ್ಕಾರಿ ಬಸ್ಸುಗಳಲ್ಲಿ ಮಹಿಳೆಯರಿಗೆ ಟಿಕೆಟ್ ಹಣ ಇಲ್ಲ. ಬೆಂಗಳೂರಿನ ಒಳಗಿನ ಬಿಎಂಟಿಸಿ ಸಾಮಾನ್ಯ ಬಸ್ಸುಗಳಿಗೂ ಇದು ಅನ್ವಯ. ರಾಜಹಂಸ, ಐರಾವತ, ಸ್ಲೀಪರ್, ಹವಾನಿಯಂತ್ರಿತ ಬಸ್ಸುಗಳಿಗೆ ಇಲ್ಲ. ಹೊರರಾಜ್ಯಕ್ಕೆ ಹೋಗುವ ಬಸ್ಸುಗಳಿಗೂ ಇಲ್ಲ. ಹಾಗಾಗಿ ಸಾಂಗ್ಲಿ, ಕೊಲ್ಹಾಪುರ, ಕಾಸರಗೋಡು ಕಡೆಯ ವಿಳಾಸ ಇರುವ ಬಂಧುಗಳು ಇದನ್ನು ನಂಬಿ ಹೊರಡಬಾರದು. 60 ದಾಟಿದ ಪುರುಷರಿಗೆ ಕೆಎಸ್‌ಆರ್‌ಟಿಸಿಯಲ್ಲಿ ಶೇ. 25 ರಿಯಾಯಿತಿ ಇದೆ. 6 ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಇಲ್ಲ, 12ರವರೆಗೆ ಅರ್ಧ ಟಿಕೆಟ್. ಮುಂಗಡ ಕಾಯ್ದಿರಿಸುವಾಗ ನಾಲ್ಕು ಅಥವಾ ಹೆಚ್ಚು ಜನರನ್ನು ಒಂದೇ ಟಿಕೆಟ್‌ನಲ್ಲಿ ಸೇರಿಸಿದರೆ ಶೇ. 5, ಹೋಗಿಬರುವ ಎರಡೂ ಟಿಕೆಟ್ ಒಟ್ಟಿಗೆ ತೆಗೆದರೆ ಮರಳುವ ಪ್ರಯಾಣಕ್ಕೆ ಶೇ. 10 ರಿಯಾಯಿತಿ ಇದೆ.

ರೈಲಿನಲ್ಲಿ ಹಿರಿಯರಿಗೆ ಇದ್ದ ದರ ರಿಯಾಯಿತಿ 2020ರ ಮಾರ್ಚ್‌ನಲ್ಲೇ ನಿಂತಿದೆ. ಕೆಳಗಿನ ಬರ್ತ್ ಕೊಡುವಾಗ 60 ದಾಟಿದ ಪುರುಷರಿಗೆ ಮತ್ತು 45 ದಾಟಿದ ಮಹಿಳೆಯರಿಗೆ ಆದ್ಯತೆ ಮಾತ್ರ ಉಳಿದಿದೆ. 2024ರ ನವೆಂಬರ್ 1ರಿಂದ ಮುಂಗಡ ಕಾಯ್ದಿರಿಸುವ ಅವಧಿ 60 ದಿನಕ್ಕೆ ಇಳಿದಿದೆ. 5ರಿಂದ 12 ವರ್ಷದ ಮಕ್ಕಳಿಗೆ ಬರ್ತ್ ಬೇಕೆಂದರೆ ಪೂರ್ತಿ ದರ. ಬೇಡವೆಂದರೆ ಅರ್ಧ ದರ. ಹಗಲು ಪ್ರಯಾಣಕ್ಕೆ ಇದನ್ನು ನೆನಪಿಡಬೇಕು.

ಇಳಿಯುವ ಹೊತ್ತಿನ ವಿಚಾರ ಹೆಚ್ಚಿನವರು ಗಮನಿಸುವುದಿಲ್ಲ. ಆಟೊಗಳಿಗೆ ರಾತ್ರಿ 10ರಿಂದ ಬೆಳಿಗ್ಗೆ 5ರವರೆಗೆ ಒಂದೂವರೆ ಪಟ್ಟು ದರ. ಬೆಳಿಗ್ಗೆ ನಾಲ್ಕೂವರೆಗೆ ಇಳಿದ ಕುಟುಂಬ ಅರ್ಧ ಗಂಟೆ ನಿಲ್ದಾಣದಲ್ಲೇ ಕುಳಿತು ಣಮೋಕಾರ ಹೇಳಿಕೊಂಡರೂ ಆ ಹಣ ಉಳಿಯುತ್ತದೆ. ವಾರದ ದಿನಗಳಲ್ಲಿ ಮೆಟ್ರೊ ಬೆಳಿಗ್ಗೆ 5ರ ಸುಮಾರಿಗೆ ಆರಂಭ. ಭಾನುವಾರ ತಡವಾಗಿ ಶುರುವಾಗುವುದರಿಂದ ಆ ದಿನ ಬೆಳಗಿನ ಜಾವ ಇಳಿಯುವವರು ಬಸ್ಸನ್ನೇ ನೆಚ್ಚಿಕೊಳ್ಳಬೇಕು.

ತಂಗುವ ವ್ಯವಸ್ಥೆ

ಲಾಡ್ಜುಗಳಲ್ಲಿ ರೂಮಿನ ದಿನ ಎಲ್ಲಿಂದ ಎಲ್ಲಿಗೆ ಎಂಬುದನ್ನು ಮೊದಲೇ ಕೇಳಬೇಕು. ಕೆಲವು ಕಡೆ ಒಳಬಂದ ಹೊತ್ತಿನಿಂದ 24 ಗಂಟೆ. ಇನ್ನು ಕೆಲವು ಕಡೆ ಮಧ್ಯಾಹ್ನ 12ರಿಂದ ಮರುದಿನ 11ರವರೆಗೆ. ಎರಡನೆಯ ಪದ್ಧತಿ ಇರುವಲ್ಲಿ ಬೆಳಿಗ್ಗೆ 6ಕ್ಕೆ ಬಂದು ಸ್ನಾನಕ್ಕೆಂದು ರೂಮು ಕೇಳಿದರೆ ಇನ್ನೊಂದು ದಿನದ ಬಾಡಿಗೆ ಬೀಳುವುದುಂಟು. ಬರೀ ಸ್ನಾನ ಮತ್ತು ವಿಶ್ರಾಂತಿ ಸಾಕೆನ್ನುವ ರೈಲು ಪ್ರಯಾಣಿಕರು ನಿಲ್ದಾಣದ ರಿಟೈರಿಂಗ್ ರೂಮನ್ನು ತಮ್ಮ ಟಿಕೆಟ್‌ನ ಪಿಎನ್‌ಆರ್ ಸಂಖ್ಯೆಯಿಂದ ಮುಂಗಡ ಪಡೆಯಬಹುದು. ಹೊರಡುವ ದಿನ ರೂಮು ಬಿಟ್ಟ ಮೇಲೆ ಚೀಲಗಳನ್ನು ಬೀಗ ಹಾಕಿ ರೈಲು ನಿಲ್ದಾಣದ ಕ್ಲೋಕ್ ರೂಮಿನಲ್ಲಿಟ್ಟರೆ ಇನ್ನೊಂದು ದಿನದ ಬಾಡಿಗೆ ಕೊಡುವ ಪ್ರಮೇಯ ಬರುವುದಿಲ್ಲ.

ಬಸದಿ, ಜೈನ ಭವನ, ಧರ್ಮಶಾಲೆಗಳ ರೂಮುಗಳು ಬೇರೆ ಬಗೆಯವು. ಎಲ್ಲ ಬಸದಿಗಳಲ್ಲೂ ರೂಮು ಇರುವುದಿಲ್ಲ. ಇದ್ದಲ್ಲಿಯೂ ತ್ಯಾಗಿಗಳಿಗೆ, ಪೂಜೆಗೆ ಬರುವವರಿಗೆ ಮೊದಲ ಸ್ಥಾನ. ಚಾತುರ್ಮಾಸದಲ್ಲಿ ಮುನಿಸಂಘ ಇರುವ ಕಡೆ, ದಶಲಕ್ಷಣ ಪರ್ವದಲ್ಲಿ ಮತ್ತು ಮಹಾವೀರ ಜಯಂತಿಯ ಆಸುಪಾಸಿನಲ್ಲಿ ಜಾಗ ಸಿಗುವುದು ಕಷ್ಟ. ಆದ್ದರಿಂದ ಎರಡು ಮೂರು ವಾರ ಮೊದಲೇ ಊರಿನ ಬಸದಿಯ ಸಮಿತಿಯವರ ಮೂಲಕ ವಿಚಾರಿಸುವುದು ಸರಿಯಾದ ಕ್ರಮ. ಎಷ್ಟು ಜನ, ಎಷ್ಟು ದಿನ, ಹಿರಿಯರಿದ್ದಾರೆಯೇ, ಬರುವ ಗಂಟೆ ಎಷ್ಟು, ಊಟ ಬೇಕೇ ಬೇಡವೇ ಎಂಬ ಐದು ವಿಷಯಗಳನ್ನು ಒಂದೇ ಸಲ ತಿಳಿಸಿದರೆ ಅಲ್ಲಿಯವರಿಗೂ ಅನುಕೂಲ. ಎಲ್ಲರ ಗುರುತಿನ ಚೀಟಿ ಜೊತೆಗಿರಲಿ. ಬರುವುದು ತಪ್ಪಿದರೆ ತಕ್ಷಣ ತಿಳಿಸಬೇಕು. ಬಾರದವರಿಗಾಗಿ ಮುಚ್ಚಿಟ್ಟ ಒಂದು ರೂಮು ಎಂದರೆ ಜಾಗವಿಲ್ಲವೆಂದು ವಾಪಸಾದ ಇನ್ನೊಂದು ಕುಟುಂಬ ಎಂದೇ ಅರ್ಥ.

ಧಾರ್ಮಿಕ ಸ್ಥಳದ ಆವರಣದಲ್ಲಿ ನೋಂದಾಯಿತ ಧರ್ಮಾರ್ಥ ಟ್ರಸ್ಟ್ ಕೊಡುವ ರೂಮಿನ ಬಾಡಿಗೆ ದಿನಕ್ಕೆ 1,000 ರೂ.ಗಿಂತ ಕಡಿಮೆ ಇದ್ದರೆ ಅದಕ್ಕೆ ಜಿಎಸ್‌ಟಿ ಇಲ್ಲ. ಬಾಡಿಗೆ ಬೇರೆ, ದಾನ ಬೇರೆ ಎಂಬುದೂ ತಿಳಿದಿರಲಿ. ಹಳೆಯ ತೆರಿಗೆ ಪದ್ಧತಿಯಲ್ಲಿರುವವರು 80ಜಿ ವಿನಾಯಿತಿ ಪಡೆಯಬೇಕಾದರೆ 2,000 ರೂ.ಗಿಂತ ಹೆಚ್ಚಿನ ದಾನವನ್ನು ನಗದಾಗಿ ಕೊಡಬಾರದು. ಚೆಕ್ ಅಥವಾ ಬ್ಯಾಂಕ್ ಮೂಲಕ ಕೊಟ್ಟು ರಸೀದಿ ಪಡೆಯಬೇಕು. ರೂಮಿನ ಬಾಡಿಗೆಗೆ ಈ ವಿನಾಯಿತಿ ಇಲ್ಲ.

ಒಂದು ಎಚ್ಚರಿಕೆ. ಯಾತ್ರಾಸ್ಥಳ ಮತ್ತು ಧರ್ಮಶಾಲೆಗಳ ಹೆಸರಿನಲ್ಲಿ ನಕಲಿ ಜಾಲತಾಣಗಳನ್ನು ಮಾಡಿ ಮುಂಗಡ ಹಣ ದೋಚುವ ವಂಚನೆ ದೇಶದಾದ್ಯಂತ ನಡೆದಿದೆ. ಅಂತರ್ಜಾಲದಲ್ಲಿ ಸಿಕ್ಕ ಮೊಬೈಲ್ ಸಂಖ್ಯೆಗೆ, ಅಪರಿಚಿತರು ಕಳಿಸಿದ ಕ್ಯೂಆರ್ ಚಿತ್ರಕ್ಕೆ ಹಣ ಹಾಕಬಾರದು. ಖಾತೆ ಟ್ರಸ್ಟ್ ಹೆಸರಿನಲ್ಲಿದೆಯೇ ನೋಡಿ, ಪರಿಚಿತರೊಬ್ಬರಿಂದ ಖಚಿತ ಮಾಡಿಕೊಂಡ ಮೇಲೆಯೇ ಹಾಕಬೇಕು. ಮೋಸ ಹೋದದ್ದು ಗೊತ್ತಾದ ಕೂಡಲೇ 1930ಕ್ಕೆ ಕರೆ ಮಾಡಬೇಕು. ಬೇಗ ತಿಳಿಸಿದಷ್ಟೂ ಹಣವನ್ನು ತಡೆಹಿಡಿಯುವ ಸಾಧ್ಯತೆ ಹೆಚ್ಚು.

ಬಂಧುಗಳ ಮನೆಯಲ್ಲಿ ಇಳಿದುಕೊಳ್ಳುವವರು ಆ ಮನೆಯ ಅನುಕೂಲವನ್ನೂ ನೋಡಬೇಕು. ಬೆಂಗಳೂರಿನಲ್ಲಿ ಎರಡು ಕೋಣೆಯ ಬಾಡಿಗೆ ಮನೆಯವರೇ ಹೆಚ್ಚು. ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವವರಾಗಿದ್ದರೆ ಬೆಳಿಗ್ಗೆ ಅವರ ಸ್ನಾನ, ಅಡುಗೆ ಮುಗಿಯುವವರೆಗೆ ಅಡ್ಡಿ ಮಾಡದಿರುವುದು, ಊರಿನಿಂದ ಅಕ್ಕಿ, ಬೇಳೆ, ಕಾಯಿ, ತುಪ್ಪ ಏನಾದರೂ ಒಯ್ಯುವುದು, ಅಡುಗೆಮನೆಯಲ್ಲಿ ಕೈ ಸೇರಿಸುವುದು ನಮ್ಮ ಹಿರಿಯರ ರೂಢಿ. ಎರಡು ರಾತ್ರಿಗಿಂತ ಹೆಚ್ಚು ಇರಬೇಕಾದರೆ ಬೇರೆ ರೂಮು ಹಿಡಿಯುವುದೇ ಇಬ್ಬರಿಗೂ ಹಿತ.

ಓಡಾಟದ ಲೆಕ್ಕ

ಬೆಂಗಳೂರು ನಗರದಲ್ಲಿ 2025ರ ಆಗಸ್ಟ್ 1ರಿಂದ ಆಟೊ ಮೀಟರ್ ದರ ಮೊದಲ 2 ಕಿ.ಮೀ.ಗೆ 36 ರೂ., ಆಮೇಲೆ ಪ್ರತಿ ಕಿ.ಮೀ.ಗೆ 18 ರೂ. ಒಂದು ಆಟೊದಲ್ಲಿ ಮೂವರು ಮಾತ್ರ. ಮೆಟ್ರೊ ದರ 2025ರ ಫೆಬ್ರವರಿಯಲ್ಲಿ ಏರಿದ ಮೇಲೆ ಕನಿಷ್ಠ 10, ಗರಿಷ್ಠ 90 ರೂ. ಮೂರು ಅಡಿಗಿಂತ ಕಡಿಮೆ ಎತ್ತರದ ಮಕ್ಕಳಿಗೆ ಟಿಕೆಟ್ ಬೇಡ.

ಅಜ್ಜಿ, ಗಂಡ, ಹೆಂಡತಿ, 15 ವರ್ಷದ ಮಗಳು, 10 ವರ್ಷದ ಮಗ ಇರುವ ಐವರ ಕುಟುಂಬ ಎರಡು ದಿನ ನಗರದ ನಡುಭಾಗಕ್ಕೆ ದಿನಕ್ಕೊಮ್ಮೆ ಹೋಗಿಬರುತ್ತದೆ ಎಂದು ಇಟ್ಟುಕೊಳ್ಳೋಣ.

ಬಾಡಿಗೆ ಅಗ್ಗವೆಂದು 18 ಕಿ.ಮೀ. ದೂರದ ಲಾಡ್ಜ್‌ನಲ್ಲಿ ಉಳಿದು ಆಟೊದಲ್ಲಿ ಓಡಾಡಿದರೆ: ಒಂದು ಆಟೊಗೆ 324 ರೂ., ಎರಡಕ್ಕೆ 648. ಹೋಗಿಬರಲು 1,296. ಎರಡು ದಿನಕ್ಕೆ 2,592 ರೂ.

ರಾಜಾಜಿನಗರದಂತಹ ಕಡೆ, ಸುಮಾರು 7 ಕಿ.ಮೀ. ಅಂತರದಲ್ಲಿ ಉಳಿದು ಆಟೊದಲ್ಲೇ ಓಡಾಡಿದರೆ: ಒಂದಕ್ಕೆ 126 ರೂ., ಎರಡಕ್ಕೆ 252. ಎರಡು ದಿನಕ್ಕೆ 1,008 ರೂ.

ಅದೇ ದೂರಕ್ಕೆ ಮೆಟ್ರೊ ಆದರೆ: ತಲೆಗೆ ಸುಮಾರು 40 ರೂ.ನಂತೆ ಐವರಿಗೆ 200. ಎರಡು ದಿನಕ್ಕೆ 800 ರೂ.

ಬಿಎಂಟಿಸಿ ಸಾಮಾನ್ಯ ಬಸ್ ಆದರೆ: ಅಜ್ಜಿ, ಹೆಂಡತಿ, ಮಗಳಿಗೆ ಉಚಿತ. ಗಂಡನಿಗೆ ಒಂದು ಟಿಕೆಟ್, ಮಗನಿಗೆ ಅರ್ಧ. ಎರಡು ದಿನಕ್ಕೆ 200 ರೂ. ಒಳಗೆ ಮುಗಿಯುತ್ತದೆ.

ಇದರಲ್ಲಿ ಎರಡು ವಿಷಯ ಗಮನಿಸಬೇಕು. ಮೊದಲನೆಯದು, ವಾಹನಕ್ಕಿಂತ ಹೆಚ್ಚಾಗಿ ಖರ್ಚನ್ನು ತೀರ್ಮಾನಿಸುವುದು ತಂಗುವ ಜಾಗದ ದೂರ. ದೂರದ ಲಾಡ್ಜ್‌ನಲ್ಲಿ ದಿನಕ್ಕೆ 500 ರೂ. ಉಳಿಸಿದೆವು ಎಂದುಕೊಂಡವರು ಓಡಾಟದಲ್ಲಿ ಅದಕ್ಕಿಂತ ಹೆಚ್ಚು ಕೊಟ್ಟಿರುತ್ತಾರೆ. ಎರಡನೆಯದು, ಮೆಟ್ರೊ ಯಾವಾಗಲೂ ಅಗ್ಗ ಎಂದೇನಿಲ್ಲ. ಮೂವರು ನಾಲ್ಕು ಕಿ.ಮೀ. ಹೋಗುವುದಾದರೆ ಮೀಟರ್ ಆಟೊಗೆ 72 ರೂ., ಮೆಟ್ರೊಗೆ ಸುಮಾರು 60. ಮಂಡಿನೋವಿನ ಹಿರಿಯರು ಜೊತೆಗಿದ್ದರೆ ಆ ಹನ್ನೆರಡು ರೂಪಾಯಿಗಾಗಿ ಮೆಟ್ಟಿಲು, ನಡಿಗೆ ಬೇಡ. ಆದರೆ ಹತ್ತುವ ಮುನ್ನ ಮೀಟರ್ ವಿಷಯ ಮಾತಾಡಿಕೊಳ್ಳಬೇಕು.

ಮೆಟ್ರೊ ಸ್ಮಾರ್ಟ್ ಕಾರ್ಡ್‌ಗೆ ಶೇ. 5, ಜನದಟ್ಟಣೆ ಇಲ್ಲದ ಹೊತ್ತಿನಲ್ಲಿ ಶೇ. 10 ರಿಯಾಯಿತಿ ಇದೆ. ಆದರೆ ಕಾರ್ಡಿನ ಬೆಲೆಯೇ 50 ರೂ., ಅದೂ ಒಬ್ಬೊಬ್ಬರಿಗೆ ಒಂದೊಂದು ಬೇಕು. ಎರಡು ದಿನದಲ್ಲಿ ತಲೆಗೆ 160 ರೂ. ಓಡಾಡುವವರಿಗೆ ಉಳಿಯುವುದು 8ರಿಂದ 16 ರೂ. ಆದ್ದರಿಂದ ವರ್ಷಕ್ಕೆ ನಾಲ್ಕಾರು ಸಲ ಬರುವವರಿಗೆ ಮಾತ್ರ ಕಾರ್ಡ್ ಲಾಭ. ಉಳಿದವರಿಗೆ ಬಿಡಿ ಟಿಕೆಟ್ ಸಾಕು. ದಿನವಿಡೀ ಬಸ್ಸು ಬದಲಿಸುತ್ತಾ ತಿರುಗುವ ಗಂಡಸರಿಗೆ ಬಿಎಂಟಿಸಿ ಸಾಮಾನ್ಯ ದಿನದ ಪಾಸ್ 80 ರೂ.ಗೆ ಸಿಗುತ್ತದೆ. ಎರಡೇ ಸಲ ಹತ್ತಿ ಇಳಿಯುವವರಿಗೆ ಪಾಸ್ ಬೇಡ.

ಊಟ ಮತ್ತು ನೀರು

ಬೆಂಗಳೂರಿನಲ್ಲಿ ಸೂರ್ಯಾಸ್ತ ನವೆಂಬರ್ ಮಧ್ಯದಲ್ಲಿ ಸಂಜೆ 5.50ರ ಸುಮಾರಿಗೆ, ಜುಲೈ ಆರಂಭದಲ್ಲಿ 6.50ರ ಸುಮಾರಿಗೆ. ಸೂರ್ಯಾಸ್ತಕ್ಕೆ ಎರಡು ಗಳಿಗೆ, ಅಂದರೆ 48 ನಿಮಿಷ ಮೊದಲೇ ಊಟ ಮುಗಿಸುವ ನಿಯಮದವರು ಚಳಿಗಾಲದಲ್ಲಿ 5 ಗಂಟೆಗೆ, ಜುಲೈನಲ್ಲಿ 6 ಗಂಟೆಗೆ ಕೈ ತೊಳೆದಿರಬೇಕು. ಅಂದರೆ ನಗರದ ನಡುಭಾಗದಿಂದ ಮಧ್ಯಾಹ್ನ ಮೂರೂವರೆ, ನಾಲ್ಕಕ್ಕೇ ಹೊರಡಬೇಕು.

ಮೇಲ್ನೋಟಕ್ಕೆ ಇದು ದಿನ ಕಳೆದುಕೊಂಡಂತೆ ಕಾಣುತ್ತದೆ. ಆದರೆ ಆ ಹೊತ್ತಿನಲ್ಲಿ ರಸ್ತೆಯಲ್ಲಿ ಕಚೇರಿ ಬಿಟ್ಟವರ ದಟ್ಟಣೆ ಇರುವುದಿಲ್ಲ, ಬಸ್ಸಿನಲ್ಲಿ ಕೂರಲು ಜಾಗ ಸಿಗುತ್ತದೆ, ಆಟೊಗಳೂ ಸುಲಭವಾಗಿ ಬರುತ್ತವೆ. ಸಂಜೆ ಆರರ ಮೇಲೆ ಇದೇ ದೂರಕ್ಕೆ ಹೆಚ್ಚು ಹೊತ್ತು, ಹೆಚ್ಚು ಹಣ ಎರಡೂ ಬೇಕು. ರಾತ್ರಿ ಊಟಕ್ಕೆ ಹೋಟೆಲ್ ಹುಡುಕುವ ಕೆಲಸವೇ ಇಲ್ಲ. ಬೆಳಿಗ್ಗೆ ಬೇಗ ಹೊರಟು, ಸಂಜೆ ಬೇಗ ಮರಳಿ, ತಂಗಿದ ಕಡೆಯ ಬಸದಿಯಲ್ಲಿ ಆರತಿ ನೋಡಿ ಮಲಗುವ ಈ ಕ್ರಮದಲ್ಲಿ ಹಿರಿಯರಿಗೂ ಮಕ್ಕಳಿಗೂ ದಣಿವು ಕಡಿಮೆ.

ಜೈನ ಊಟ ಎಂಬ ಫಲಕ ಇರುವ ಹೋಟೆಲುಗಳು ಚಿಕ್ಕಪೇಟೆ, ರಾಜಾಜಿನಗರದ ಕಡೆ ಸಿಗುತ್ತವೆ. ಹೆಚ್ಚಿನವು ಗುಜರಾತಿ, ರಾಜಸ್ಥಾನಿ ಪದ್ಧತಿಯ ಥಾಲಿ ಕೊಡುವಂಥವು. ಹೊಟ್ಟೆ ತುಂಬಾ ತಿನ್ನುವ ಮಧ್ಯಾಹ್ನದ ಊಟಕ್ಕೆ ಅವು ಸರಿ. ಮಕ್ಕಳಿಗೆ, ಹಿರಿಯರಿಗೆ ಅಷ್ಟು ಬೇಡದಿದ್ದರೆ ಹಣ ವ್ಯರ್ಥ. ನಿಂತು ತಿನ್ನುವ ದರ್ಶಿನಿಗಳಲ್ಲಿ ತಿಂಡಿ ಅಗ್ಗ. ಆದರೆ ಕೇಳಿ ತಿನ್ನಬೇಕು. ಸಾಂಬಾರಿನಲ್ಲಿ ಈರುಳ್ಳಿ, ಸಾಗುವಿನಲ್ಲಿ ಆಲೂಗಡ್ಡೆ ಮತ್ತು ಕ್ಯಾರೆಟ್, ಚಟ್ನಿಯಲ್ಲಿ ಶುಂಠಿ ಅಥವಾ ಬೆಳ್ಳುಳ್ಳಿ, ಮಸಾಲೆ ದೋಸೆಯಲ್ಲಿ ಪಲ್ಯ ಇದ್ದೇ ಇರುತ್ತದೆ. ಖಾಲಿ ದೋಸೆ, ಇಡ್ಲಿ, ಕೇಸರಿಬಾತ್‌ನಂಥವನ್ನು ಮನೆಯ ಚಟ್ನಿಪುಡಿ ತುಪ್ಪದೊಂದಿಗೆ ತಿನ್ನಬಹುದು. ಹಿಂದಿನ ದಿನ ರುಬ್ಬಿದ ಹಿಟ್ಟನ್ನು ಬಿಟ್ಟವರಿಗೆ ಇದೂ ಆಗದು. ಅವರು ಮನೆಯ ತಿಂಡಿಯನ್ನೇ ನಂಬಬೇಕು.

ಹುರಿದ ಅವಲಕ್ಕಿ, ಚಟ್ನಿಪುಡಿ, ಹುರಿಗಡಲೆ, ಒಣಹಣ್ಣು, ಬೆಲ್ಲ ಎರಡು ದಿನಕ್ಕೆ ಕೆಡುವುದಿಲ್ಲ. ಮನೆಯಿಂದ ಹಿಟ್ಟು ಒಯ್ದು ಬಂಧುಗಳ ಮನೆಯಲ್ಲಿ ರೊಟ್ಟಿ ಮಾಡಿಕೊಳ್ಳುವವರು ಹಿಟ್ಟಿನ ಮರ್ಯಾದೆ ನೆನಪಿಡಬೇಕು: ಮಳೆಗಾಲದಲ್ಲಿ 3, ಬೇಸಿಗೆಯಲ್ಲಿ 5, ಚಳಿಗಾಲದಲ್ಲಿ 7 ದಿನ. ಬಾಳೆಹಣ್ಣು, ಪಪ್ಪಾಯಿಯಂಥ ಹಣ್ಣುಗಳನ್ನು ತಂಗಿದ ಬಡಾವಣೆಯ ತಳ್ಳುಗಾಡಿಯಲ್ಲಿ ಕೊಂಡರೆ ನೋಡುವ ಸ್ಥಳಗಳ ಎದುರಿನ ಬೆಲೆಗಿಂತ ಕಡಿಮೆ.

ನೀರಿನ ಲೆಕ್ಕವನ್ನು ಯಾರೂ ಹಾಕುವುದಿಲ್ಲ. ಲೀಟರ್ ಬಾಟಲಿಗೆ 20 ರೂ. ಎಂದು ಹಿಡಿದರೆ, ದಿನಕ್ಕೆ ತಲೆಗೆ ಎರಡರಂತೆ ಐವರಿಗೆ ಎರಡು ದಿನಕ್ಕೆ 400 ರೂ. ಬೆಳಿಗ್ಗೆ ಕಾಯಿಸಿ ಸೋಸಿದ ನೀರನ್ನು ಸ್ಟೀಲ್ ಬಾಟಲಿಗಳಲ್ಲಿ ಒಯ್ದರೆ ಅಷ್ಟೂ ಉಳಿಯುತ್ತದೆ, ನಿಯಮವೂ ಉಳಿಯುತ್ತದೆ. ಎರಡು ಪದರದ ಶುದ್ಧ ಹತ್ತಿ ಬಟ್ಟೆಯೊಂದು ಚೀಲದಲ್ಲಿರಲಿ.

ಎರಡು ದಿನದ ಒಂದು ಕ್ರಮ

ಮೊದಲ ದಿನ ನೇರಳೆ ಮಾರ್ಗ. ತಂಗಿದ ಬಡಾವಣೆಯ ಬಸದಿಯಲ್ಲಿ ದರ್ಶನ, ಅಭಿಷೇಕ ಮುಗಿಸಿ, ತಿಂಡಿ ತಿಂದು, ಕಚೇರಿಯ ದಟ್ಟಣೆ ಇಳಿದ ಮೇಲೆ ವಿಧಾನಸೌಧ ನಿಲ್ದಾಣಕ್ಕೆ ಹೋಗಬಹುದು. 1956ರಲ್ಲಿ ಪೂರ್ಣಗೊಂಡ ವಿಧಾನಸೌಧ, ಎದುರಿನ ಕೆಂಪು ಬಣ್ಣದ ಅಠಾರಾ ಕಚೇರಿ ಅಂದರೆ ಹೈಕೋರ್ಟ್, ಅದರ ಹಿಂದೆ ಕಬ್ಬನ್ ಉದ್ಯಾನ. ಎಲ್ಲವೂ ನಡೆಯುವಷ್ಟು ಹತ್ತಿರ, ಹೊರಗಿನಿಂದ ನೋಡಲು ಶುಲ್ಕ ಇಲ್ಲ. ಭಾನುವಾರ ಉದ್ಯಾನದೊಳಗಿನ ರಸ್ತೆಗಳಲ್ಲಿ ವಾಹನ ಸಂಚಾರ ಇರುವುದಿಲ್ಲ. ಮಕ್ಕಳನ್ನು ಕರೆತಂದವರಿಗೆ ಅದೇ ಒಳ್ಳೆಯ ದಿನ. ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯಕ್ಕೆ ಟಿಕೆಟ್ ಇದೆ. ಓದುವ ಮಕ್ಕಳಿದ್ದರೆ ಆ ಹಣ ಸಾರ್ಥಕ. ಅಲ್ಲಿ ಮೂರು ಗಂಟೆ ಬೇಕಾಗುವುದರಿಂದ ಅದೇ ದಿನ ತಾರಾಲಯವನ್ನೂ ಸೇರಿಸಿಕೊಳ್ಳಬಾರದು. ಜವಾಹರಲಾಲ್ ನೆಹರು ತಾರಾಲಯದಲ್ಲಿ ಕನ್ನಡ ಪ್ರದರ್ಶನವೂ ಇದೆ. ಸೋಮವಾರ ರಜೆ.

ಎರಡನೆಯ ದಿನ ಹಸಿರು ಮಾರ್ಗ. ಚಿಕ್ಕಪೇಟೆ ನಿಲ್ದಾಣದಲ್ಲಿ ಇಳಿದರೆ ಹಳೆಯ ಪೇಟೆಯ ಜಿನಮಂದಿರಗಳ ದರ್ಶನ, ಸೀರೆ ಪಾತ್ರೆಗಳ ಖರೀದಿ ಎರಡೂ ಆಗುತ್ತದೆ. ಭಾನುವಾರ ಇಲ್ಲಿನ ಹಲವು ಅಂಗಡಿಗಳು ಮುಚ್ಚಿರುತ್ತವೆ. ಮುಂದಿನ ನಿಲ್ದಾಣ ಕೃಷ್ಣರಾಜೇಂದ್ರ ಮಾರುಕಟ್ಟೆ. ಕೋಟೆ ಮತ್ತು ಮರದ ಕೆತ್ತನೆಯ ಟಿಪ್ಪು ಬೇಸಿಗೆ ಅರಮನೆ ಅಲ್ಲಿಗೆ ಹತ್ತಿರ. ಅದೇ ಮಾರ್ಗದಲ್ಲಿ ಇನ್ನೂ ಮುಂದೆ ಲಾಲ್‌ಬಾಗ್. ಹೈದರಾಲಿ 1760ರಲ್ಲಿ ಆರಂಭಿಸಿದ ಈ ತೋಟದಲ್ಲಿ ಗಾಜಿನ ಮನೆಯ ಜೊತೆಗೆ ಸುಮಾರು 300 ಕೋಟಿ ವರ್ಷ ಹಳೆಯದೆಂದು ವಿಜ್ಞಾನಿಗಳು ಹೇಳುವ ಬಂಡೆ ಇದೆ. ದಿನದ ಎಲ್ಲ ಸ್ಥಳಗಳೂ ಒಂದೇ ಮಾರ್ಗದಲ್ಲಿದ್ದರೆ ಅಡ್ಡದಾರಿಯ ಆಟೊ ಬೇಕಾಗುವುದಿಲ್ಲ.

ಬನ್ನೇರುಘಟ್ಟ ಸೇರಿಸಿಕೊಳ್ಳುವವರು ಅದಕ್ಕೇ ಒಂದು ಪೂರ್ತಿ ದಿನ ಇಡಬೇಕು. ಮಂಗಳವಾರ ರಜೆ. ಮೆಜೆಸ್ಟಿಕ್‌ನಿಂದ 365 ಸಂಖ್ಯೆಯ ಬಿಎಂಟಿಸಿ ಬಸ್ ಇದೆ.

ಎಲ್ಲಿ ಉಳಿಸಬಾರದು

ಖರ್ಚು ಕಡಿಮೆ ಮಾಡುವುದಕ್ಕೂ ಒಂದು ಮಿತಿ ಇದೆ. ಬಸದಿಯ ರೂಮು ಅಗ್ಗವಾಗಿರುವುದು ಯಾರೋ ಹಿಂದೆ ಕೊಟ್ಟ ದಾನದಿಂದ, ಇಂದಿಗೂ ಸಂಬಳ ಕಡಿಮೆ ಪಡೆದು ಕೆಲಸ ಮಾಡುವವರಿಂದ. ಅಲ್ಲಿ ನಿಗದಿಪಡಿಸಿದ ಹಣವನ್ನು ಚೌಕಾಸಿ ಮಾಡದೆ ಕೊಡಬೇಕು. ಲಾಡ್ಜ್ ಬಾಡಿಗೆಗೂ ಇದಕ್ಕೂ ಇರುವ ವ್ಯತ್ಯಾಸದಲ್ಲಿ ಸ್ವಲ್ಪವನ್ನಾದರೂ ಭಂಡಾರಕ್ಕೆ ಹಾಕಿದರೆ ಮುಂದಿನ ಕುಟುಂಬಕ್ಕೂ ಆ ರೂಮು ಉಳಿಯುತ್ತದೆ. ನೀರು, ದೀಪ ಹಿತಮಿತವಾಗಿ ಬಳಸಿ, ರೂಮು ಗುಡಿಸಿ ಬೀಗದ ಕೈ ಒಪ್ಪಿಸುವುದೂ ಸೇವೆಯೇ. ಗುಡಿಸಿ ಒರೆಸುವ ಸಿಬ್ಬಂದಿಗೆ ಕೈಲಾದದ್ದನ್ನು ಕೊಡಬೇಕು.

ಹಿರಿಯರ ವಿಷಯದಲ್ಲೂ ಹಾಗೆಯೇ. ಅಜ್ಜಿಗೆ ಮೆಟ್ಟಿಲು ಹತ್ತಲಾಗದಿದ್ದರೆ ನೆಲಮಹಡಿಯ ರೂಮಿಗೆ ನೂರು ರೂಪಾಯಿ ಹೆಚ್ಚು ಹೋದರೂ ಸರಿ. ಅವರನ್ನು ಊರಲ್ಲಿ ಬಿಟ್ಟು ಬಂದು ಉಳಿಸಿದ ಹಣದಿಂದ ಯಾವ ಮನೆಯೂ ಸಿರಿವಂತವಾಗಿಲ್ಲ. ಮೆಟ್ರೊ ನಿಲ್ದಾಣಗಳಲ್ಲಿ ಲಿಫ್ಟ್ ಇದೆ. ಎಲ್ಲಿದೆ ಎಂದು ಕೇಳಿದರೆ ಸಿಬ್ಬಂದಿ ತೋರಿಸುತ್ತಾರೆ.

ಹೊರಡುವ ಮುನ್ನ

ಕುಟುಂಬದ ಎಲ್ಲರ ಗುರುತಿನ ಚೀಟಿ, ರೂಮಿನವರಿಗೆ ಬರುವ ಹೊತ್ತು ತಿಳಿಸಿದ್ದು, ಇಳಿಯಬೇಕಾದ ನಿಲ್ದಾಣದ ಹೆಸರು ಬರೆದ ಚೀಟಿ, ಮುಖ್ಯವಾಗಿ ಹಿರಿಯರ ಮತ್ತು ಮಕ್ಕಳ ಕಿಸೆಯಲ್ಲಿ, ಸ್ಟೀಲ್ ಬಾಟಲಿ, ಸೋಸುವ ಬಟ್ಟೆ, ಎರಡು ದಿನದ ಒಣತಿಂಡಿ, ನಿತ್ಯದ ಮಾತ್ರೆಗಳು, ಆ ದಿನಗಳ ಸೂರ್ಯಾಸ್ತದ ಸಮಯ, ಚಿಲ್ಲರೆ ಹಣ. ಇಷ್ಟನ್ನು ಹಿಂದಿನ ರಾತ್ರಿಯೇ ನೋಡಿಕೊಂಡರೆ ಸಾಕು. ರೂಮು ಗೊತ್ತಾದ ಮೇಲೆಯೇ ಬಸ್ ಅಥವಾ ರೈಲಿನ ಟಿಕೆಟ್ ತೆಗೆಯುವುದು ಕ್ಷೇಮ. ಟಿಕೆಟ್ ತೆಗೆದು ಆಮೇಲೆ ರೂಮು ಹುಡುಕಲು ಹೋದರೆ ಸಿಕ್ಕಿದ ಬೆಲೆಗೆ ಒಪ್ಪಬೇಕಾಗುತ್ತದೆ.

ಜೈ ಜಿನೇಂದ್ರ.